ಹೊಸ್ತಿಲಾಚೆಯ ಹವಾಯಿ ಆಮ್ಲೆಟ್

ಯಾವ ದೇಶದಿಂದ ಏನು ಕಲಿತು ಬಂದರೂ ನಮ್ಮ ಅಡುಗೆಮನೆ ಬಾಗಿಲಲ್ಲಿ ಅದು ಒಮ್ಮೆ ಮುಗ್ಗರಿಸಲೇಬೇಕು. ಈ ಸಲದ ಸರದಿ ಹವಾಯಿಯದು.

ಪಂದ್ಯ

ಹವಾಯಿಯಲ್ಲಿ ಬೆಳಗಿನ ತಿಂಡಿಗೆ ಫ್ರೈಡ್ ರೈಸನ್ನು ಆಮ್ಲೆಟ್ಟಿನೊಳಗೆ ಮಡಚಿ ಕೊಡುತ್ತಾರೆ. ನಮ್ಮ ಹೋಂಸ್ಟೇ ಅತಿಥಿಗಳಿಗೂ ಅದನ್ನೇ ಕೊಡೋಣ ಅಂದೆ.

ಅತ್ತೆ ವಿಚಾರಣೆ ಮಾಡಿದರು. "ರಾತ್ರಿ ಮಿಕ್ಕಿದ ಅನ್ನ. ಅದು ಕಾಣದ ಹಾಗೆ ಮೇಲೊಂದು ಮೊಟ್ಟೆ. ಇದನ್ನ ಕಲಿಯೋಕೆ ವಿಮಾನ ಹತ್ತಿದ್ಯೇನೆ?"

ಕೊನೆಗೆ ಒಪ್ಪಂದವಾಯಿತು. "ನಾಳಿದ್ದು ಬರೋರು ತಟ್ಟೆ ಖಾಲಿ ಮಾಡಿದ್ರೆ ಬೆಳಗಿನ ಹೊತ್ತು ಅಡುಗೆಮನೆ ನಿಂದು. ಉಳಿಸಿದ್ರೆ ಅಕ್ಕಿರೊಟ್ಟಿ ತಟ್ಟು, ಬಾಯಿ ಮುಚ್ಚು."

ಚೆಕ್‌ಪೋಸ್ಟ್

ಮಾರನೆಯ ದಿನ ರಿಹರ್ಸಲ್. ನಮ್ಮದು ಶಿವಪೂಜೆಯ ಮನೆ, ಮೊಟ್ಟೆ ಒಳಗೆ ಬರುವಂತಿಲ್ಲ. ನನ್ನ ಆಮ್ಲೆಟ್ಟಿಗೆ ಕಾಫಿ ಒಣಗಿಸುವ ಕಣದ ಪಕ್ಕದ ಸೌದೆ ಕೊಟ್ಟಿಗೆಯೇ ಗತಿ. ಒಳಗೆ ಅನ್ನ ಹುರಿದು, ಸೌಟಿನ ಸಮೇತ ಹೊರಟೆ. ಅತ್ತೆ ಹೊಸ್ತಿಲಲ್ಲಿ ಕೈ ಅಡ್ಡ ಇಟ್ಟರು.

"ಸೌಟು ಎಲ್ಲಿಗೆ?"

"ಕೊಟ್ಟಿಗೆಗೆ."

"ಹೋದ್ರೆ ವಾಪಸ್ ಬರೋ ಹಾಗಿಲ್ಲ."

ಎಷ್ಟೋ ದೇಶಗಳ ಗಡಿ ದಾಟಿದ್ದೇನೆ, ಕೇರಳ ಗಡಿಯ ಮಾಕುಟ್ಟ ಚೆಕ್‌ಪೋಸ್ಟಿನಲ್ಲಿ ಕಾರಿನ ಡಿಕ್ಕಿ ತೆರೆದು ತೋರಿಸಿದ್ದೇನೆ. ಸೌಟಿಗೆ ವೀಸಾ ಕೇಳಿದ್ದು ಇಲ್ಲೇ ಮೊದಲು.

ರುಚಿ ಪರೀಕ್ಷೆ

ರುಚಿ ನೋಡಲು ತೋಟದ ಲೆಕ್ಕ ಬರೆಯುವ ರೈಟರನ್ನು ಕರೆದೆ. ಶ್ರೀಮಂಗಲದ ಕೊಡವರು. ಆಮ್ಲೆಟ್ ಬಿಡಿಸಿ ಒಳಗೆಲ್ಲ ಹುಡುಕಿದರು.

"ಪಂದಿ ಎಲ್ಲಿ ಮೇಡಂ?"

"ಹವಾಯಿಯವರು ಹಂದಿಮಾಂಸ ಹಾಕ್ತಾರೆ. ಇಲ್ಲಿ ಹಾಕಿದ್ರೆ ಅತ್ತೆ ನನ್ನನ್ನೇ ಗೇಟಿನಾಚೆ ಹಾಕ್ತಾರೆ."

"ಮತ್ತೆ ಬದಲಿಗೆ?"

"ಅನಾನಸ್."

ರೈಟರ್ ಬಿಡಿಸಿದ್ದ ಆಮ್ಲೆಟ್ಟನ್ನು ಮತ್ತೆ ಮಡಚಿಟ್ಟರು. ಆಮೇಲೆ "ಪಾಪ" ಅಂದರು. ಯಾರಿಗೆ ಅಂತ ಕೇಳುವ ಧೈರ್ಯವಾಗಲಿಲ್ಲ.

ಆ ದಿನ

ಮೈಸೂರಿನಿಂದ ಬಂದಿದ್ದ ಗಂಡ ಹೆಂಡತಿ ಹೊರಗೆ ಜಗಲಿಯ ಮೇಜಿಗೆ ಕೂತರು. ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು, ಚಿನ್ನದ ಬಣ್ಣದ ಎರಡು ಆಮ್ಲೆಟ್ ತಂದಿಟ್ಟು, ಹವಾಯಿಯ ತಿಂಡಿ ಅಂದೆ. ಆ ಹೆಂಗಸು ಸಂಕೋಚದಿಂದ ತಟ್ಟೆ ಸರಿಸಿದರು.

"ಅಯ್ಯೋ, ಇವತ್ತು ಸೋಮವಾರ ಅಲ್ವಾ? ಸೋಮವಾರ ನಾವು ಮೊಟ್ಟೆ ಮುಟ್ಟಲ್ಲ."

ತಿರುಗಿ ನೋಡಿದೆ. ಅತ್ತೆಯ ಮುಖದಲ್ಲಿ ಆಶ್ಚರ್ಯದ ಸುಳಿವೂ ಇರಲಿಲ್ಲ. ಪಂದ್ಯದ ದಿನ ಗೊತ್ತು ಮಾಡಿದ್ದು ಯಾರು ಅಂತ ಆಗ ನೆನಪಾಯಿತು. ಅಷ್ಟರಲ್ಲಿ ಅವರು ಎರಡು ತಟ್ಟೆ ತಂದಿಟ್ಟರು. ಅದೇ ನನ್ನ ಅನ್ನ, ಅದೇ ಅನಾನಸ್. ಸುತ್ತಿದ್ದು ಮಾತ್ರ ತೆಳ್ಳನೆ ದೋಸೆಯಲ್ಲಿ.

ಗಂಡ ಹೆಂಡತಿ ಇಬ್ಬರೂ ಬೆರಳು ನೆಕ್ಕಿ ತಟ್ಟೆ ಖಾಲಿ ಮಾಡಿದರು.

"ಅತ್ತೆ, ತಟ್ಟೆ ಖಾಲಿ! ಅಡುಗೆಮನೆ ನಂದು," ಅಂತ ಪಿಸುಗುಟ್ಟಿದೆ.

"ನಿಂದೇ ಕಣೆ. ತೊಳೆಯೋ ಪಾತ್ರೆನೂ ಅಲ್ಲೇ ಇದೆ."

ಆ ಹೆಂಗಸಿಗೆ ಖುಷಿಯೋ ಖುಷಿ. "ಎಷ್ಟು ಚೆನ್ನಾಗಿದೆ! ಅಜ್ಜಿ, ನೀವು ಹವಾಯಿಗೆ ಹೋಗಿದ್ರಾ?"

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತೋರಿಸಿದರು.

"ನಾನ್ಯಾಕೆ ಹೋಗ್ಲಿ? ಇವಳನ್ನ ಕಳಿಸಿದ್ದೆ. ಅರ್ಧಂಬರ್ಧ ಕಲಿತು ಬಂದಳು."