ಎಡೆಗೊಂದು ಚಿಲುಮೆ

ನಮ್ಮ ಮಾಮಾನ ಗಿರಾಕಿಗಳಲ್ಲಿ ಒಬ್ಬರೂ ಬದುಕಿರಲಿಲ್ಲ! ಹೆದರಬೇಡಿ, ಅವರು ಸತ್ತದ್ದು ಇವನಿಂದಲ್ಲ. ಬೇಡಕಿಹಾಳದಲ್ಲಿ ಮಣ್ಣಿನ ಚಿಲುಮೆ ಮಾಡುವವನು ಇವನೊಬ್ಬನೇ ಉಳಿದಿದ್ದ. ಸುತ್ತಲೂ ನಿಪ್ಪಾಣಿ ತಂಬಾಕು ಘಮ್ಮೆನ್ನುತ್ತಿದ್ದರೂ ಜನ ಮೊದಲು ಬೀಡಿಗೆ, ಆಮೇಲೆ ಗುಟ್ಕಾಕ್ಕೆ ಜಾರಿಕೊಂಡಿದ್ದರು. ಆದರೆ ಪಿತೃಪಕ್ಷದಲ್ಲಿ ಹಿರಿಯರ ಎಡೆಗೆ ಅವರಿಗೆ ಪ್ರಿಯವಾದದ್ದೆಲ್ಲ ಇಡಬೇಕಲ್ಲ? ಹೋಳಿಗೆಯ ಪಕ್ಕ ಅಜ್ಜನಿಗೊಂದು ಚಿಲುಮೆ! ವರ್ಷವಿಡೀ ನೊಣ ಹೊಡೆಯುತ್ತಿದ್ದ ಮಾಮಾನಿಗೆ ಆಗ ಮಾತ್ರ ಕೈತುಂಬ ಕೆಲಸ.

ಎಡೆಗೆ ತಾನೆ, ಹೇಗಿದ್ದರೇನು ಅಂದಿರೋ, ಮುಗೀತು ನಿಮ್ಮ ಕಥೆ. ಸತ್ತವರು ದಮ್ಮು ಉದ್ದ ಎಳೆಯುತ್ತಿದ್ದರೋ, ತುಂಡುತುಂಡಾಗಿಯೋ? ಹಲ್ಲಿದ್ದವೋ, ಬೊಚ್ಚುಬಾಯಿಯೋ? ಪೊಲೀಸರೂ ಅಷ್ಟು ಕೇಳಲಿಕ್ಕಿಲ್ಲ! ಒಬ್ಬ ಕಬ್ಬಿನ ಸಾಹುಕಾರರು ಅಪ್ಪನಿಗೆ ಹಲ್ಲಿದ್ದದ್ದು ನೆನಪಿಲ್ಲ ಅಂದುಬಿಟ್ಟರು. ಅಪ್ಪನ ಬಾಯಿ ನೋಡದವರು ಎಡೆ ಏನು ಇಡುತ್ತೀರಿ, ಅವ್ವನನ್ನು ಕೇಳಿಕೊಂಡು ಬನ್ನಿ ಎಂದು ಮಾಮಾ ಅವರನ್ನು ವಾಪಸ್ ಅಟ್ಟಿದ. ಪಾಪ, ಮೋಟರ್‌ಸೈಕಲ್ ಹತ್ತಿ ಹೋಗಿ ಕೇಳಿಕೊಂಡೇ ಬಂದರು.

ಸುಟ್ಟ ಪ್ರತಿ ಚಿಲುಮೆಯನ್ನೂ ತಾನೇ ಸೇದಿ ನೋಡುತ್ತಿದ್ದ. ಸತ್ತವರ ಹೆಸರಲ್ಲಿ ನೀವು ಸೇದಿ ಸಾಯುತ್ತೀರಿ ಎಂದು ಅತ್ತೆ ಗೊಣಗಿದರೆ ಅವನದೊಂದೇ ಉತ್ತರ:

"ನಾಳೆ ನಾನೂ ಅಲ್ಲೇ ಹೋಗಾಂವ. ಹೊಗಿ ಬರದ ಚಿಲುಮಿ ಕೊಟ್ಟು ಅವರಿಗೆ ಮಕ ಹೆಂಗ ತೋರಿಸ್ಲಿ?"

ಅಂಥವನಿಗೂ ಒಂದು ಚಿಂತೆಯಿತ್ತು. ಊರ ಹಿರಿಯರಿಗೆಲ್ಲ ಇವನು ಮಾಡಿದ, ಇವನದನ್ನು ಯಾರು ಮಾಡಬೇಕು? ಮಕ್ಕಳಿಲ್ಲ. ನನಗೇ ಕಲಿಸಲು ಕೂತ. ಬದನೆಕಾಯಿಯಂತೆ ಉಬ್ಬಿದ್ದ ನನ್ನ ಚಿಲುಮೆ ನೋಡಿ, ಎಣ್ಣೆಗಾಯಿ ಮಾಡಾಕ ಅಡ್ಡಿಯಿಲ್ಲ ಅಂದ. ಆಮೇಲೆ ಅತ್ತೆಗೆ ತಾಕೀತು: ತನ್ನ ಎಡೆಗೆ ಬೀಡಿ ಇಟ್ಟರೆ ಅನ್ನ ಮುಟ್ಟುವುದಿಲ್ಲ! ಹಾಗಾದರೆ ಉಪವಾಸ ಇರ್ರಿ ಎಂದು ಅತ್ತೆ ಒಳಗೆ ಹೋದಳು.

ಹೋದ ವರ್ಷ ಮಾಮಾ ತೀರಿಕೊಂಡ. ಈ ಪಕ್ಷದಲ್ಲಿ ಅವನಿಗೂ ಎಡೆ. ನಾನು ಹೋದಾಗ ಅತ್ತೆಯ ಮುಂದೆ ಸೊಟ್ಟ ಚಿಲುಮೆಯೊಂದಿತ್ತು. ತಾನೇ ಮಣ್ಣು ಕಲಸಿ, ಅಡುಗೆ ಒಲೆಯಲ್ಲಿ ಸುಟ್ಟಿದ್ದಳು. ಬೆರಳಿಗೆಲ್ಲ ಮಸಿ. ನಾನು ಅದನ್ನು ಎತ್ತಿ ಊದಿ ನೋಡಿದರೆ ಗಾಳಿಯೇ ಆಡಲೊಲ್ಲದು.

"ಅತ್ತಿ, ಇದರಾಗ ಹೊಗಿ ಬರಂಗಿಲ್ಲ."

ಅತ್ತೆ ಅದನ್ನು ಇಸಿದುಕೊಂಡು ಸೆರಗಿನಲ್ಲಿ ಒರೆಸಿ ಎಡೆಯಲ್ಲಿಟ್ಟಳು.

"ನನಗೂ ಗೊತ್ತೈತಿ. ಬೈಯಾಕರ ಒಮ್ಮೆ ಬಂದು ಹೋಗ್ಲಿ."