ಚಿನ್ನ ಅಗೆದವರ ಕಾಗದ

ಹಳೆಯ ಕಾಗದ ಸಂಗ್ರಹಿಸುವವನು ಅವಮಾನಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ಕಾಗದದ ಜೊತೆಗೇ ಬರುತ್ತವೆ, ಅದೂ ಒಳ್ಳೆಯ ಸ್ಥಿತಿಯಲ್ಲಿ.

ನಾನು ಮೈಸೂರಿನವನು. ಸಿಡ್ನಿಯ ಬಡಾವಣೆ ದಿ ಪಾಂಡ್ಸ್‌ನಲ್ಲಿ ಮನೆ. ವಾರದ ದಿನಗಳಲ್ಲಿ ಒಂದು ಕಂಪನಿಯ ಸಾಫ್ಟ್‌ವೇರ್ ಕೆಟ್ಟಾಗ ಸರಿಮಾಡುತ್ತೇನೆ; ಅದು ದಿನವೂ ಕೆಡುತ್ತದೆ, ಹಾಗಾಗಿ ಮಾರ್ಟ್‌ಗೇಜ್ ನಡೆಯುತ್ತಿದೆ. ವಾರಾಂತ್ಯಕ್ಕೆ ನನಗೊಂದು ಹುಚ್ಚಿದೆ. ನೂರೈವತ್ತು ವರ್ಷಕ್ಕೂ ಹಿಂದೆ, ಇಲ್ಲಿ ಚಿನ್ನ ಸಿಕ್ಕಿತೆಂದು ಲೋಕವೆಲ್ಲ ಹಡಗು ಹತ್ತಿ ಬಂದಾಗ, ಒಂದು ಬಗೆಯ ಕಾಗದ ಮಾರಾಟಕ್ಕಿತ್ತು. ಮೇಲರ್ಧದಲ್ಲಿ ಅಚ್ಚಾದ ಚಿತ್ರ: ಗುಡಾರಗಳು, ಮಣ್ಣು ತೊಳೆಯುವ ಗಡ್ಡದ ಗಂಡಸರು, ಒಂದು ಬಡಕಲು ನಾಯಿ. ಕೆಳಗೆ ಬರೆಯಲು ಖಾಲಿ ಜಾಗ. ಅಗೆಯುವವನು ನಾಲ್ಕು ಸಾಲು ಗೀಚಿ, ಮಡಿಚಿ, ಊರಿಗೆ ಕಳಿಸುತ್ತಿದ್ದ. ಅಂಥ ಚಿತ್ರಪತ್ರಗಳನ್ನೂ ಆ ಕಾಲದ ಲಕೋಟೆಗಳನ್ನೂ ನಾನು ಕೂಡಿಡುತ್ತೇನೆ.

ನನಗಿದ್ದ ಆಸೆ ದೊಡ್ಡದೇನಲ್ಲ. ಮೆಲ್ಬರ್ನ್‌ನಲ್ಲಿ ಸಂಗ್ರಾಹಕರೆಲ್ಲ ಸೇರಿ ನಡೆಸುವ ಪ್ರದರ್ಶನದಲ್ಲಿ ಕಾಗದಗಳನ್ನು ಜೋಡಿಸಿ ಗಾಜು ಮುಚ್ಚಿದ ನನ್ನದೂ ಒಂದು ಚೌಕಟ್ಟು ನಿಲ್ಲಬೇಕು. ಅದನ್ನು ನೋಡಿ ಯಾರಾದರೊಬ್ಬರು, ಒಬ್ಬರೇ ಸಾಕು, ನನ್ನನ್ನು ಕಲೆಕ್ಟರ್ ಎನ್ನಬೇಕು.

ಅಕ್ಷಯ ತದಿಗೆ

ನನ್ನ ಮೊದಲ ಚಿತ್ರಪತ್ರ ಮನೆಗೆ ಬಂದದ್ದು ಅಕ್ಷಯ ತದಿಗೆಯ ದಿನ. ಅದು ಕಾಕತಾಳೀಯ. ನನ್ನ ಹೆಂಡತಿ ಕಾಕತಾಳೀಯವನ್ನು ನಂಬುವವಳಲ್ಲ.

ಆ ವಾರ ಹತ್ತಿರದ ಬಡಾವಣೆ ಮಾರ್ಸ್ಡನ್ ಪಾರ್ಕ್‌ನಲ್ಲಿ ಪರಿಚಯದವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟವಾದ ಮೇಲೆ ಹೆಂಗಸರು ಹೊಸ ಬಳೆ, ಹೊಸ ಓಲೆ ತೋರಿಸುತ್ತ ಕುಳಿತಿದ್ದರು. ಮನೆಯೊಡತಿ ಕೇಳಿದರು: "ನಿಮ್ಮನೇಲಿ ಏನ್ ತಗೊಂಡ್ರಿ?"

"ನಮ್ಮೋರು ಚಿನ್ನ ಅಗೆಯೋರ ಚಿತ್ರ ತಗೊಂಡ್ರು," ಎಂದಳು ನನ್ನ ಹೆಂಡತಿ.

ಮನೆಯೊಡತಿ ತಮ್ಮ ಹೊಸ ಬಳೆಯನ್ನೊಮ್ಮೆ ತಿರುಗಿಸಿಕೊಂಡರು.

"ಫ್ರೇಮ್ ಚಿನ್ನದ್ದಾ?"

"ಫ್ರೇಮೇ ಇಲ್ಲ. ಹಳೇ ಕಾಗದ. ಒಂದು ಮೂಲೆ ಹರಿದಿದೆ. ಯಾರೋ ಅದರ ಮೇಲೆ ಗೀಚಿದಾರೆ ಬೇರೆ."

ಆ ಮನೆಯ ಅಂಕಲ್ ಪಾಪ ಒಳ್ಳೆಯವರು. ನನ್ನ ಕಡೆ ನೋಡಿ, ನನ್ನ ಹೆಂಡತಿಗೆ ಸಮಾಧಾನ ಹೇಳಿದರು: "ಬಿಡಮ್ಮಾ, ಎಷ್ಟೋ ಜನ ಕುಡೀತಾರೆ."

"ಕುಡಿಯೋರು ಸಂಜೆ ಮನೇಲಿ ಮಾತಾದ್ರೂ ಆಡ್ತಾರೆ ಅಂಕಲ್," ಎಂದಳು ಇವಳು.

ಪ್ರೊಜೆಕ್ಟರ್

ಸಿಡ್ನಿಯ ನಮ್ಮ ಕಡೆ ಅಂಚೆ ಸಂಗ್ರಾಹಕರದೊಂದು ಸಣ್ಣ ಸಂಘವಿದೆ. ತಿಂಗಳಿಗೊಮ್ಮೆ ಒಂದು ಹಾಲ್‌ನಲ್ಲಿ ಸೇರಿ ಬಿಸ್ಕೆಟ್ ತಿಂದು, ಪರಸ್ಪರರ ಲಕೋಟೆಗಳನ್ನು ಹೊಗಳಿ, ಮನೆಗೆ ಹೋಗಿ ಬೈದುಕೊಳ್ಳುತ್ತಾರೆ. ಮೊದಲ ಸಲ ನಾನು ಬಾಗಿಲಲ್ಲಿ ಕಾಣಿಸಿದಾಗ ಕಾರ್ಯದರ್ಶಿಗೆ ಆದ ಸಂತೋಷ ಹೇಳತೀರದು. "ಬಂದಿರಾ! ದೇವರು ದೊಡ್ಡವನು. ಬನ್ನಿ, ಬನ್ನಿ," ಎಂದು ಕೈ ಹಿಡಿದು ಒಳಗೆ ಕರೆದೊಯ್ದ. ಇಷ್ಟು ಆದರದ ಸ್ವಾಗತ ನನಗೆ ಈ ದೇಶದಲ್ಲಿ ಸಿಕ್ಕಿರಲಿಲ್ಲ. ಕರೆದೊಯ್ದು ಪ್ರೊಜೆಕ್ಟರ್ ಮುಂದೆ ನಿಲ್ಲಿಸಿದ.

ನಾನು ರಿಪೇರಿಯವನಲ್ಲ, ಸದಸ್ಯನಾಗಲು ಬಂದವನು ಎಂದು ಹೇಳಬಹುದಾಗಿತ್ತು. ಆದರೆ ಕೇಬಲ್ ಸಡಿಲವಾಗಿದ್ದದ್ದು ಕಣ್ಣಿಗೆ ಬಿತ್ತು. ಕೈ ಸುಮ್ಮನಿರಲಿಲ್ಲ. ಚಿತ್ರ ಮೂಡಿತು, ಚಪ್ಪಾಳೆ ಬಿತ್ತು. ಆಮೇಲೆ ಸದಸ್ಯನಾದೆ. ಚಂದಾ ಕಟ್ಟಿಸಿಕೊಂಡೇ ಪ್ರೊಜೆಕ್ಟರ್ ಕೆಲಸ ಮಾಡಿಸುವ ಸಂಸ್ಥೆ ನನ್ನ ಅನುಭವದಲ್ಲಿ ಅದೊಂದೇ.

ಕೆಲವು ವರ್ಷ ಕಳೆದ ಮೇಲೆ ಧೈರ್ಯಮಾಡಿ, ನನಗೂ ಹತ್ತು ನಿಮಿಷ ಮಾತಾಡಲು ಕೊಡಿ ಎಂದೆ. ಕೊಟ್ಟರು. ಮುಂದಿನ ತಿಂಗಳು ಹೋದರೆ ಬೋರ್ಡಿನ ಮೇಲೆ ನನ್ನ ವಿಷಯ ಬರೆದಿತ್ತು: ಭಾರತದ ಅಂಚೆಚೀಟಿಗಳು.

"ನನ್ನ ಹತ್ತಿರ ಭಾರತದ ಒಂದು ಅಂಚೆಚೀಟಿಯೂ ಇಲ್ಲ," ಎಂದೆ.

ಕಾರ್ಯದರ್ಶಿ ಬೆನ್ನು ತಟ್ಟಿದ. "ಪರವಾಗಿಲ್ಲ. ನೆನಪಿನಿಂದ ಹೇಳಿ."

ನಾನು ಹಟಮಾಡಿ ಚಿತ್ರಪತ್ರಗಳ ಬಗ್ಗೆಯೇ ಮಾತಾಡಿದೆ: ಯಾವ ಅಚ್ಚು ಮೊದಲಿನದು, ಯಾವುದು ನಕಲು, ಹೇಗೆ ಗುರುತಿಸಬೇಕು ಎಂದೆಲ್ಲ. ವಂದನಾರ್ಪಣೆಗೆ ಎದ್ದ ಹಿರಿಯರೊಬ್ಬರು ಬಹಳ ಭಾವುಕರಾಗಿದ್ದರು. "ಇಷ್ಟು ಸ್ಪಷ್ಟವಾದ ಪ್ರೊಜೆಕ್ಟರ್ ಚಿತ್ರವನ್ನು ನಾನು ಈ ಹಾಲ್‌ನಲ್ಲಿ ಕಂಡಿರಲಿಲ್ಲ," ಎಂದರು.

ನಮ್ಮ ಇತಿಹಾಸ

ಈ ವರ್ಷ ಮೆಲ್ಬರ್ನ್ ಪ್ರದರ್ಶನದಲ್ಲಿ ಯಾರೋ ಕೊನೇ ಗಳಿಗೆಯಲ್ಲಿ ಹಿಂದೆ ಸರಿದರು. ಒಂದು ಚೌಕಟ್ಟು ಖಾಲಿ ಬಿತ್ತು. ಅಲ್ಲಿನ ಸಂಘಟಕ ನನಗೆ ಫೋನ್ ಮಾಡಿದ.

"ನಿಮ್ಮ ಹತ್ತಿರ ಏನಾದರೂ ಇದೆಯಾ? ಮಹಾರಾಜರದ್ದು, ಆನೆ, ಅಂಥದ್ದು?"

ಚಿನ್ನದ ಕಾಲದ ಚಿತ್ರಪತ್ರಗಳಿವೆ ಎಂದೆ.

"ಓ, ನಮ್ಮ ಇತಿಹಾಸ!" ಎಂದ. ಅವನು ಇಂಗ್ಲೆಂಡಿನವನು, ಈ ದೇಶಕ್ಕೆ ಬಂದದ್ದು ನನಗಿಂತ ಎರಡು ವರ್ಷ ತಡವಾಗಿ.

ಮಾದರಿ ಮನೆ

ಪ್ರದರ್ಶನಕ್ಕೆ ಹೋದಾಗ ನಾನು ಉಳಿದುಕೊಂಡದ್ದು ಮೆಲ್ಬರ್ನ್ ಹೊರವಲಯದ ವಿಂಡಮ್ ವೇಲ್‌ನಲ್ಲಿ, ಕಾಲೇಜಿನ ಸ್ನೇಹಿತನ ಬಾಡಿಗೆ ಮನೆಯಲ್ಲಿ. ಅವನ ಅತ್ತೆ ಮಾವ ತುಮಕೂರಿನಿಂದ ಬಂದಿದ್ದರು. ಮಾವ ಅಳಿಯನ ಜೊತೆ ಮಾತು ಬಿಟ್ಟಿದ್ದರು. ಕಾರಣವನ್ನು ಸ್ನೇಹಿತ ಕಾರಿನಲ್ಲೇ ಹೇಳಿದ.

ಅವನು ಅಲ್ಲೇ ಒಂದು ಸೈಟ್ ಕೊಂಡಿದ್ದಾನೆ. ಬಿಲ್ಡರ್ ತಳಕ್ಕೆ ಕಾಂಕ್ರೀಟ್ ಸುರಿದು ಕಣ್ಮರೆಯಾಗಿದ್ದಾನೆ. ಆದರೆ ಊರಿಗೆ ಏನಾದರೂ ಕಳಿಸಬೇಕಲ್ಲ. ಕೊಳ್ಳುವವರಿಗೆ ತೋರಿಸಲು ಬಿಲ್ಡರುಗಳು ಕಟ್ಟಿಟ್ಟಿರುವ ಮಾದರಿ ಮನೆಯೊಂದರ ಮುಂದೆ ನಿಂತು ಇವನು ಫೋಟೋ ತೆಗೆಸಿ, ಇದು ನಮ್ಮ ಮನೆ ಎಂದು ಕಳಿಸಿದ್ದ.

ನನಗೆ ಆಶ್ಚರ್ಯವಾಗಲಿಲ್ಲ. ನನ್ನಲ್ಲಿರುವ ಒಂದು ಚಿತ್ರಪತ್ರದಲ್ಲಿ, ಅಚ್ಚಾದ ಗುಡಾರವೊಂದಕ್ಕೆ ಶಾಯಿಯಲ್ಲಿ ಗುರುತು ಹಾಕಿ 'ಇದು ನನ್ನದು' ಎಂದು ಬರೆದಿದೆ. ಅದೇ ಚಿತ್ರದ ಇನ್ನೊಂದು ಪ್ರತಿಯಲ್ಲಿ ಇನ್ಯಾರೋ ಅದೇ ಗುಡಾರಕ್ಕೆ ಗುರುತು ಹಾಕಿದ್ದಾನೆ.

ಚಿನ್ನ ಅಗೆದ ಆ ಗಡ್ಡದವರ ಮಾವಂದಿರು ಹಡಗು ಹತ್ತಿ ಬರಲಿಲ್ಲ. ಇವನ ಮಾವ ವಿಮಾನ ಹತ್ತಿ ಬಂದರು. ಏರ್‌ಪೋರ್ಟಿನಿಂದ ಇವನು ಸೀದಾ ಅವರನ್ನು ಮಾದರಿ ಮನೆಗೇ ಕರೆದೊಯ್ದ. ಮಾವ ಚಪ್ಪಲಿ ಬಿಟ್ಟು, ಬಲಗಾಲಿಟ್ಟು ಒಳಗೆ ಬಂದರು. ಮೇಜಿನ ಹತ್ತಿರ ಕುಳಿತಿದ್ದ ಮಾರಾಟದ ಹುಡುಗಿ ನಕ್ಕಳು.

"ಯಾರು ಈ ಹುಡುಗಿ?"

"ಮನೆ ನೋಡ್ಕೊಳ್ಳೋಳು ಮಾವ."

"ಹಾಗಾದ್ರೆ ಕಾಫಿ ಮಾಡಕ್ಕೆ ಹೇಳಿ." ಅಲ್ಲಿ ಬಂದವರಿಗೆಲ್ಲ ಕಾಫಿ ಕೊಡುವ ಪದ್ಧತಿಯಿತ್ತು. ಅವಳು ಮೇಜಿನ ಮೇಲಿದ್ದ ಫ್ಲಾಸ್ಕಿನಿಂದ ಬಗ್ಗಿಸಿ ಕೊಟ್ಟಳು. ಅಷ್ಟರಲ್ಲಿ ಇನ್ನೊಂದು ಸಂಸಾರ ಮನೆ ನೋಡಲು ಬಂದು, ಸೀದಾ ಮೇಲಕ್ಕೆ ಹತ್ತಿತು.

"ಇವರ್ಯಾರು?"

"ಅಕ್ಕಪಕ್ಕದವರು ಮಾವ."

"ಬೂಟ್ಸ್ ಹಾಕ್ಕೊಂಡು ಬೆಡ್‌ರೂಮಿಗೆ ಹೋದ್ರಲ್ರೀ!"

ಕೈಕಾಲು ತೊಳೆಯಲು ಮಾವ ಬಚ್ಚಲಿಗೆ ಹೋದರು. ನಲ್ಲಿ ತಿರುಗಿಸಿದರೆ ನೀರಿಲ್ಲ. ಮಾದರಿ ಮನೆಯ ನಲ್ಲಿಗಳು ನೋಡುವುದಕ್ಕೆ ಮಾತ್ರ.

"ಇವತ್ತು ನೀರು ಬಿಡೋ ದಿನ ಅಲ್ಲ ಮಾವ," ಎಂದ ಇವನು.

"ಇಲ್ಲೂ ಮೂರು ದಿನಕ್ಕೊಂದು ಸಲಾನಾ?"

"ಹೂಂ ಮಾವ."

"ಮತ್ತೆ ಇಷ್ಟು ದೂರ ಯಾಕ್ರೀ ಬಂದ್ರಿ?"

ಐದು ಗಂಟೆಗೆ ಹುಡುಗಿ ದೀಪ ಆರಿಸಿ, ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲಿಗೆ ಬೀಗ ಹಾಕಿಕೊಂಡು ಹೋದಳು. ಫುಟ್‌ಪಾತಿನಲ್ಲಿ ಸೂಟ್‌ಕೇಸ್ ಮೇಲೆ ಕೂತ ಮಾವನಿಗೆ ಸ್ನೇಹಿತ ಎಲ್ಲವನ್ನೂ ಹೇಳಿಕೊಂಡ. ಅವರು ಬೀಗ ಬಿದ್ದ ಬಾಗಿಲನ್ನು ನೋಡಿದರು, ಅಳಿಯನನ್ನು ನೋಡಿದರು. ಕೊನೆಗೆ ಕೇಳಿದರು:

"ನೀರು ಬರಲ್ಲ ಅನ್ನೋದಾದ್ರೂ ನಿಜಾನಾ?"

ಬೆರಳು

ಪ್ರದರ್ಶನ ಶುರುವಾಗುವ ಶನಿವಾರವೇ ಆಯುಧಪೂಜೆ. ಹಿಂದಿನ ಸಂಜೆ ನನ್ನ ಕಾಗದಗಳನ್ನೆಲ್ಲ ಸ್ನೇಹಿತನ ಊಟದ ಮೇಜಿನ ಮೇಲೆ ಜೋಡಿಸಿದ್ದೆ. ಎಲ್ಲವೂ ಪ್ಲಾಸ್ಟಿಕ್ ಹಾಳೆಯೊಳಗಿದ್ದವು, ಒಂದನ್ನು ಬಿಟ್ಟು. ನನ್ನಲ್ಲಿರುವುದರಲ್ಲೆಲ್ಲ ಅಪರೂಪದ್ದು ಅದು. ಮಡಿಕೆ ಬಿಡಲಿ ಎಂದು ಹೊರಗಿಟ್ಟಿದ್ದೆ.

ಬೆಳಿಗ್ಗೆ ಸ್ನಾನ ಮುಗಿಸಿ ಬಂದೆ. ಸ್ನೇಹಿತನ ಅತ್ತೆ ಅಷ್ಟರಲ್ಲಿ ಕಾರು, ಹುಲ್ಲು ಕತ್ತರಿಸುವ ಯಂತ್ರ, ವ್ಯಾಕ್ಯೂಮ್ ಕ್ಲೀನರ್, ಎರಡು ಲ್ಯಾಪ್‌ಟಾಪ್, ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು ಮುಗಿಸಿದ್ದರು. ನನ್ನ ಕಾಗದಗಳಿಗೂ ಇಟ್ಟಿದ್ದರು. ಪ್ಲಾಸ್ಟಿಕ್ಕಿನ ಮೇಲಿದ್ದದ್ದು ಒರೆಸಿದರೆ ಹೋಯಿತು. ಹೊರಗಿದ್ದ ಆ ಒಂದು ಕಾಗದದ ಖಾಲಿ ಅಂಚಿನಲ್ಲಿ, ಒದ್ದೆ ಅರಿಶಿನದ ದುಂಡನೆಯ ಬೊಟ್ಟು, ನಡುವೆ ಕುಂಕುಮ, ಆಗಲೇ ಒಣಗಿ ಕೂತಿತ್ತು.

"ಆಂಟಿ! ಇದು ನೂರೈವತ್ತು ವರ್ಷದ ಕಾಗದ!"

"ಅದಕ್ಕೇ ಕಣಪ್ಪಾ. ಇಷ್ಟು ವರ್ಷ ಯಾರೂ ಒಂದು ಪೂಜೆ ಮಾಡಿಲ್ಲ, ಪಾಪ. ಅಕ್ಷರ ಇದೆಯಲ್ಲಾ ಅದರಲ್ಲಿ."

ಸಂಘಟಕನಿಗೆ ಫೋನ್ ಮಾಡಿ, ಕಾಗದ ಹಾಳಾಗಿದೆ, ನಾನು ಬರುವುದಿಲ್ಲ ಎಂದೆ. ಮತ್ತೆ ಖಾಲಿ ಬಿದ್ದರೆ ಹಾಲ್ ಚೆನ್ನಾಗಿ ಕಾಣುವುದಿಲ್ಲ, ಇರುವುದನ್ನು ತಂದು ಹಾಕಿ ಎಂದ. ತಂದು ಹಾಕಿದೆ.

ತೀರ್ಪುಗಾರರು ಎತ್ತರದ ವೃದ್ಧರು, ಕೈಯಲ್ಲಿ ಭೂತಗನ್ನಡಿ. ಬೇರೆ ಚೌಕಟ್ಟುಗಳನ್ನು ನಡೆಯುತ್ತಲೇ ನೋಡಿದವರು ನನ್ನದರ ಮುಂದೆ ನಿಂತುಬಿಟ್ಟರು. ಬಗ್ಗಿದರು. ಇನ್ನಿಬ್ಬರನ್ನು ಕರೆದರು.

"ನೋಡಿ, ಹಳದಿ ಜೇಡಿಮಣ್ಣು. ನಡುವೆ ಕೆಂಪು ಮಣ್ಣು. ಬೆರಳಿನ ಗೆರೆಗಳು ಕೂಡ ಸ್ಪಷ್ಟ! ಗುಂಡಿಯಿಂದ ಎದ್ದು ಬಂದವನು ಕೈ ಕೂಡ ತೊಳೆಯದೆ ಮನೆಗೆ ಬರೆದಿದ್ದಾನೆ."

ಸುಮ್ಮನಿದ್ದರೆ ನಡೆಯುತ್ತಿತ್ತು. ಆದರೆ ಕಲೆಕ್ಟರ್ ಆದವನು ಕಾಗದದ ವಿಷಯದಲ್ಲಿ ಸುಳ್ಳು ನಿಲ್ಲಲು ಬಿಡಬಾರದು ಎಂಬುದು ನನ್ನ ನಂಬಿಕೆ. "ಸರ್, ಅದು ಅರಿಶಿನ," ಎಂದೆ. "ಇವತ್ತು ಬೆಳಿಗ್ಗೆ ನನ್ನ ಸ್ನೇಹಿತನ ಅತ್ತೆ ಹಚ್ಚಿದ್ದು. ಬೇಕಾದರೆ ಮೂಸಿ ನೋಡಿ."

ಅವರು ಗಾಜು ಸರಿಸಿ ಮೂಸಿದರು. ಕಣ್ಣು ಮುಚ್ಚಿದರು. "ಮಣ್ಣು," ಎಂದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಮೃದುವಾಗಿ ಹೇಳಿದರು: "ಹೊಸಬರು ತಮಗೆ ಗೊತ್ತಿರುವ ಪದಾರ್ಥವನ್ನೇ ಎಲ್ಲ ಕಡೆ ಕಾಣುತ್ತಾರೆ. ಸಾಮಾನ್ಯವಾದ ತಪ್ಪು. ಬೇಜಾರು ಮಾಡಿಕೊಳ್ಳಬೇಡಿ."

ಸಂಜೆ ನನ್ನ ಚೌಕಟ್ಟಿಗೆ ಬೆಳ್ಳಿ ಪದಕ ಬಂತು. ಮೈಕಿನಲ್ಲಿ ಕಾರಣವನ್ನೂ ಹೇಳಿದರು: ಸಾಮಗ್ರಿ ಅಪೂರ್ವ, ಪ್ರದರ್ಶಕನ ತಿಳಿವಳಿಕೆ ಸಾಲದು, ಅದಕ್ಕಾಗಿ ಚಿನ್ನ ತಪ್ಪಿತು. ಆ ಒಂದು ಕಾಗದವನ್ನು ಮಾತ್ರ ನನ್ನ ಚೌಕಟ್ಟಿನಿಂದ ತೆಗೆದು ಬಾಗಿಲಿನ ಹತ್ತಿರ ಪ್ರತ್ಯೇಕ ಗಾಜಿನೊಳಗೆ ಇಟ್ಟು, ಮುಂದೆ ಹಗ್ಗ ಕಟ್ಟಿದರು. ಕೆಳಗೊಂದು ಚೀಟಿ: 'ಅಪರಿಚಿತ ಗಣಿಗಾರನ ಬೆರಳು'. ನನ್ನ ಹೆಸರಿನ ಚೀಟಿ ಹಳೆಯ ಜಾಗದಲ್ಲೇ ಉಳಿಯಿತು.

ಭಾನುವಾರ ಸ್ನೇಹಿತನ ಅತ್ತೆ ನೋಡಲು ಬಂದರು. ಬಾಗಿಲಲ್ಲೇ ಜನ. ಸಾಲಿನಲ್ಲಿ ನಿಂತು, ನಮ್ಮ ಸರದಿ ಬಂದಾಗ, ಚೀಟಿಯಲ್ಲಿ ಏನಿದೆ ಎಂದು ಕೇಳಿದರು. ಹೇಳಿದೆ. "ಗಂಡಸಿನ ಬೆರಳಾ?" ಎಂದು ಮುಖ ಸಿಂಡರಿಸಿ, ಹಗ್ಗದ ಮೇಲಿಂದ ಬಗ್ಗಿ, ಗಾಜಿನ ಮೇಲೆ ತಮ್ಮ ಉಂಗುರದ ಬೆರಳಿಟ್ಟು ಅಳತೆ ನೋಡಿದರು. ಸರಿಯಾಗಿ ಕೂತಿತು.

ಕಾವಲಿಗಿದ್ದ ಸ್ವಯಂಸೇವಕಿ ಓಡಿಬಂದಳು. "ಮುಟ್ಟಬೇಡಿ, ಮುಟ್ಟಬೇಡಿ!"

"ನಾನೇ ಇಟ್ಟಿದ್ದು ಕಣಮ್ಮಾ ಇದು," ಎಂದರು ಆಂಟಿ.

ಅವಳು ನನ್ನತ್ತ ತಿರುಗಿದಳು. "ಏನು ಹೇಳುತ್ತಿದ್ದಾರೆ?"

"ಇದು ಅವರದೇ ಬೆರಳಂತೆ," ಎಂದೆ. ಒಂದಕ್ಷರ ಕೂಡಿಸಲಿಲ್ಲ, ಕಳೆಯಲಿಲ್ಲ.

ಅವಳ ಕಣ್ಣು ತುಂಬಿ ಬಂತು. ಎದೆಯ ಮೇಲೆ ಕೈಯಿಟ್ಟುಕೊಂಡಳು. "ಎಷ್ಟು ಚೆನ್ನಾಗಿ ಹೇಳಿದರು. ಇದರ ಮುಂದೆ ನಿಂತ ಪ್ರತಿಯೊಬ್ಬರಿಗೂ ಹಾಗೇ ಅನ್ನಿಸುತ್ತದೆ." ಆಮೇಲೆ ಕಣ್ಣೊರೆಸಿಕೊಂಡು ನನಗೆ ಹೇಳಿದಳು: "ಸರ್, ಅವರನ್ನು ಕರೆದುಕೊಂಡು ನೀವು ಸ್ವಲ್ಪ ಆಚೆ ನಿಲ್ಲುತ್ತೀರಾ? ಹಿಂದೆ ಕಲೆಕ್ಟರ್‌ಗಳು ಕಾಯುತ್ತಿದ್ದಾರೆ."