ಎರಡನೇ ಸಾಲಿನ ಸೊನ್ನೆ

ಗಣಿತದಲ್ಲಿ ನಾನು ತಪ್ಪುವುದಿಲ್ಲವೆಂದು ಹೈದರಾಬಾದಿನಲ್ಲಿ ಇಬ್ಬರಿಗೆ ಖಚಿತವಾಗಿ ಗೊತ್ತಿತ್ತು. ಒಬ್ಬ ನಾನು. ಇನ್ನೊಬ್ಬರು ನಮ್ಮ ವಿಭಾಗದ ಮುಖ್ಯಸ್ಥ ರೆಡ್ಡಿಯವರು. ಆದ್ದರಿಂದಲೇ ಅವರು ಉದ್ಘಾಟನಾ ಉಪನ್ಯಾಸವನ್ನು ನನಗೆ ವಹಿಸಿದ್ದರು.

ಸಂದರ್ಭ ಸಣ್ಣದಲ್ಲ. ನಮ್ಮ ವಿಶ್ವವಿದ್ಯಾಲಯ, ಗಡಿಯಾಚೆ ಕರ್ನಾಟಕದ್ದೊಂದು, ಮರಾಠವಾಡದ್ದೊಂದು ಸೇರಿ ಗಣಿತದ ಎಂ.ಎಸ್ಸಿ. ಮತ್ತು ಸಂಶೋಧನಾ ವಿದ್ಯಾರ್ಥಿಗಳಿಗೆ ಒಟ್ಟಿಗೆ ತರಬೇತಿ ಕೊಡಬೇಕೆಂದು ಎರಡು ವರ್ಷ ಪತ್ರ ಬರೆದವನು ನಾನು. ಮೂರೂ ಕಡೆ ಮಾರ್ಗದರ್ಶಕರ ಕೊರತೆ. ಬೆಳಿಗ್ಗೆ ನನ್ನ ಉಪನ್ಯಾಸ, ಅದು ಅತಿಥಿಗಳಿಗೆ ಹಿಡಿಸಿದರೆ ಸಂಜೆ ಒಪ್ಪಂದಕ್ಕೆ ಸಹಿ.

ಹೊರಡುವಾಗ ಹೆಂಡತಿ ಶಾರದಾ ಹೇಳಿದಳು: "ಮಂದಿಗೆ ತಿಳಿಯೋ ಹಂಗ ಹೇಳ್ರಿ."

"ತಿಳಿದರ ಅದೆಂಥಾ ಉದ್ಘಾಟನಾ ಉಪನ್ಯಾಸ?" ಎಂದೆ.

ಐವತ್ತು ನಿಮಿಷಗಳಲ್ಲಿ ನನ್ನದೇ ಹೊಸ ಪ್ರಮೇಯವನ್ನು ಸಾಧಿಸಿ ಮೂರು ಬೋರ್ಡು ತುಂಬಿಸಿದೆ. ಚಪ್ಪಾಳೆ ಬಿತ್ತು. ಯಾರೂ ಕೇಳುವುದಿಲ್ಲವೆಂಬ ಧೈರ್ಯದಿಂದ "ಪ್ರಶ್ನೆಗಳಿದ್ದರೆ ಕೇಳಬಹುದು" ಎಂದೆ.

ಕೊನೆಯ ಸಾಲಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು. ಕರ್ನಾಟಕದ ತಂಡದ ಮಹಾದೇವಿ.

"ಸರ್, ಎರಡನೇ ಸಾಲಿನ್ಯಾಗ ಎರಡೂ ಕಡೆ ಡೆಲ್ಟಾ ಅನ್ನೋ ಸಂಖ್ಯಾದಿಂದ ಭಾಗಿಸೀರಿ. ಅದು ಸೊನ್ನಿ ಆದ್ರ?"

"ಆಗೂದಿಲ್ಲಮ್ಮ."

"ಆಗ್ತೈತ್ರಿ ಸರ್. ಬರದು ತೋರಿಸ್ಲಿ?"

ಬಂದಳು. ನಾಲ್ಕೇ ಸಾಲಿನ ಒಂದು ಉದಾಹರಣೆ ಬರೆದಳು. ಡೆಲ್ಟಾ ಸೊನ್ನೆಯಾಯಿತು. ಶಾಲೆಯ ಮಕ್ಕಳಿಗೆ ಯಾವುದನ್ನು ಮಾಡಬೇಡಿ ಎನ್ನುತ್ತೇವೋ ಅದನ್ನೇ ನಾನು ಮೂರು ವಿಶ್ವವಿದ್ಯಾಲಯಗಳ ಸಮ್ಮುಖದಲ್ಲಿ ವಿಧಿವತ್ತಾಗಿ ನೆರವೇರಿಸಿದ್ದೆ. ಸೊನ್ನೆಯಿಂದ ಭಾಗಿಸಿದ್ದೆ!

ಅಲ್ಲಿಗೆ ಸುಮ್ಮನಾಗಿದ್ದರೆ ಮರ್ಯಾದೆ ಅರ್ಧವಾದರೂ ಉಳಿಯುತ್ತಿತ್ತು. "ಹಾಗಾದರೆ ಡೆಲ್ಟಾ ಸೊನ್ನೆಯಲ್ಲ ಎಂದೇ ಇಟ್ಟುಕೊಳ್ಳೋಣ" ಎಂದೆ. ಮರಾಠವಾಡದ ಹುಡುಗನೊಬ್ಬ, ಹಾಗೆ ಇಟ್ಟುಕೊಂಡರೆ ಸಾಧಿಸುವುದಕ್ಕೇ ಏನೂ ಉಳಿಯುವುದಿಲ್ಲವೆಂದು ಹಿಂದಿಯಲ್ಲಿ ವಿನಯದಿಂದ ತಿಳಿಸಿದ. ಗಾಬರಿಯಲ್ಲಿ ಅಂಗಿಯ ತೋಳಿನಿಂದ ಬೋರ್ಡು ಒರೆಸಿದೆ. ಅಳಿಸಿದ್ದು ನನ್ನ ಸಾಲನ್ನಲ್ಲ, ಅವಳ ಉದಾಹರಣೆಯನ್ನು. ಬೇಕೆಂದೇ ಅಳಿಸಿದೆನೆಂದು ಸಭೆ ಅರ್ಥ ಮಾಡಿಕೊಂಡಿತು. ರೆಡ್ಡಿಯವರು ತಲೆಯೆತ್ತಿ ಫ್ಯಾನು ನೋಡತೊಡಗಿದರು.

ಚಹಾ ವಿರಾಮವೆಂದು ನಾನೇ ಘೋಷಿಸಿ ಹೊರಗೆ ಓಡಿದೆ. ಎರಡು ವರ್ಷದ ಕೆಲಸ ಐವತ್ತು ನಿಮಿಷದಲ್ಲಿ ಮಣ್ಣುಪಾಲಾಗಿತ್ತು. ಎರಡು ಕಪ್ ಚಹಾ ಕುಡಿದರೂ ವರಾಂಡಾಕ್ಕೆ ಮತ್ಯಾರೂ ಬರಲಿಲ್ಲ. ಹೇಳದೆ ಹೊರಟುಹೋದರೇನೋ ಎಂದು ಅಳುಕುತ್ತ ಒಳಗೆ ಇಣುಕಿದೆ.

ಎಲ್ಲರೂ ಬೋರ್ಡಿನ ಮುಂದಿದ್ದರು. ಮಹಾದೇವಿ, ಮರಾಠವಾಡದ ಆ ಹುಡುಗ, ನಮ್ಮ ವಿದ್ಯಾರ್ಥಿನಿ ಸ್ವಾತಿ ಮೂರು ಭಾಷೆಯಲ್ಲಿ ಜಗಳವಾಡುತ್ತಿದ್ದರು. ಡೆಲ್ಟಾ ಸೊನ್ನೆಯಾದಾಗಲೇ ನಿಜವಾದ ಸ್ವಾರಸ್ಯವಿರುವುದಂತೆ. ಅತಿಥಿ ಪ್ರಾಧ್ಯಾಪಕಿಯೊಬ್ಬರು ಬಂದು ನನ್ನ ಕೈ ಕುಲುಕಿದರು. "ಈ ಮಕ್ಕಳು ಒಟ್ಟಿಗೆ ಏನು ಮಾಡಬೇಕು ಅನ್ನೋದೇ ನಮ್ಮ ಚಿಂತೆಯಾಗಿತ್ತು. ನೀವು ಸಮಸ್ಯೆ ಕೊಟ್ಟಿರಿ" ಎಂದರು. ಸಂಜೆ ಸಹಿ ಬಿತ್ತು. ಒಪ್ಪಂದಪತ್ರದ ತುಂಬ ಸೀಮೆಸುಣ್ಣದ ಬೆರಳಗುರುತು!

ಮುಂದಿನ ವರ್ಷ ಆ ಮೂವರ ಜಂಟಿ ಸಂಶೋಧನಾ ಲೇಖನ ಪ್ರಕಟವಾಯಿತು. ನನ್ನ ಹೆಸರೂ ಇತ್ತು, ಕೊನೆಯ ಪುಟದ ಕೃತಜ್ಞತೆಯಲ್ಲಿ. ಈ ಕೆಲಸಕ್ಕೆ ನನ್ನ ತಪ್ಪೇ ಪ್ರೇರಣೆಯೆಂದು ಬರೆದಿದ್ದರು. ಹೆಮ್ಮೆಯಿಂದ ಶಾರದಾಳಿಗೆ ತೋರಿಸಿದೆ. ಆಕೆ ಕೂಡಲೇ ಕಲಬುರಗಿಗೆ ತಾಯಿಗೆ ಫೋನ್ ಹಚ್ಚಿದಳು.

"ಅವ್ವಾ, ನಿಮ್ಮ ಅಳಿಯಂದು ಪೇಪರ್‌ನ್ಯಾಗ ಬಂದೈತಿ. ಲೇಖನ ಅಲ್ಲ, ತಪ್ಪ. ಹೌದು, ಅವರದೇ. ಭಾಳ ದೊಡ್ಡದಂತ."

ಅತ್ತೆಯವರು ನನ್ನನ್ನು ಫೋನಿಗೆ ಕರೆದು ತುಂಬುಮನಸ್ಸಿನಿಂದ ಅಭಿನಂದಿಸಿದರು. ನಾನು ವಿನಮ್ರನಾಗಿ ಹೇಳಿದೆ: "ಎಲ್ಲಾ ನಿಮ್ಮ ಆಶೀರ್ವಾದರಿ."